ಗಜದುದ್ದದ ಸೂಜಿ

ಸೂಜಿ ಒಂದು ಗಜ ಉದ್ದವಂತೆ. ಚುಚ್ಚಿದ ತಕ್ಷಣ ಪ್ರಾಣ ಹೋಗುತ್ತದಂತೆ. ಆಗ ಉಳಿದುಕೊಂಡರೂ ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲವಂತೆ. ಗಂಡಸರು ಗಂಡಸುತನ ಕಳೆದುಕೊಳ್ಳುತ್ತಾರಂತೆ, ಹೆಂಗಸರಿಗೆ ಮಕ್ಕಳಾಗುವುದಿಲ್ಲವಂತೆ. ಡೆಪ್ಯುಟಿ ಕಮಿಷನರ್ ಸಾಹೇಬರೇ ಚುಚ್ಚಿಸಿಕೊಂಡು ಅರ್ಧ ಗಂಟೆಯಲ್ಲಿ ನರಳಿ ನರಳಿ ಸತ್ತರಂತೆ. ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಮೊದಲಾಗುವ ಹೊತ್ತಿಗೆ ಪ್ಲೇಗಿನ ಲಸಿಕೆಯ ಬಗ್ಗೆ ಪಂಜಾಬಿನಲ್ಲಿ ಓಡಾಡುತ್ತಿದ್ದ ಮಾತುಗಳಿವು. ಅದಕ್ಕೂ ಕೆಲವು ವರ್ಷ ಮೊದಲು ಮುಂಬಯಿಯಲ್ಲಿ ಇದಕ್ಕಿಂತ ಭೀಕರವಾದ ಸುದ್ದಿ ಹಬ್ಬಿತ್ತು. 1896ರ ಅಕ್ಟೋಬರಿನಲ್ಲಿ ಅಲ್ಲಿನ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದಿದ್ದರು. ಅದರಿಂದ ಕೆರಳಿದ ರಾಣಿ ಪರಿಹಾರವಾಗಿ ಊರ ಜನರ ಐನೂರು ಯಕೃತ್ತುಗಳನ್ನು ಕೇಳಿದ್ದಾಳೆ, ಅವನ್ನು ಒದಗಿಸಲೆಂದೇ ರೋಗಿಗಳನ್ನು ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದಾರೆ ಎಂದು ಜನ ಆಡಿಕೊಂಡರು. ಆಸ್ಪತ್ರೆಯಲ್ಲಿ ಮನುಷ್ಯರ ಮೈಯಿಂದ ‘ಮೊಮಿಯಾಯಿ’ ಎಂಬ ಎಣ್ಣೆ ಇಳಿಸುತ್ತಾರೆ ಎಂಬ ಹಳೆಯ ಭಯವೂ ಇದರ ಜೊತೆ ಸೇರಿಕೊಂಡಿತು.

ಈ ಮಾತುಗಳು ನಮ್ಮವರೆಗೆ ಬಂದಿರುವುದು ಬಹುಮಟ್ಟಿಗೆ ಸರ್ಕಾರಿ ವರದಿಗಳ ಮೂಲಕ. ಬರೆದಿಟ್ಟ ಅಧಿಕಾರಿಗಳಿಗೆ ಇವು ಜನರ ಮೌಢ್ಯಕ್ಕೆ ಸಾಕ್ಷಿಗಳು. ತಾವು ಎಂಥ ಜನರ ನಡುವೆ ಕೆಲಸ ಮಾಡಬೇಕಾಗಿದೆ ನೋಡಿ ಎಂದು ಮೇಲಿನವರಿಗೆ ತೋರಿಸುವ ದಾಖಲೆಗಳು. ಆ ಓದು ಇಂದಿಗೂ ಹೋಗಿಲ್ಲ. ರೋಗ ಹರಡಿದಾಗ ಸುಳ್ಳು ಹರಡುವುದು ಜನರ ತಿಳಿವಳಿಕೆ ಕಡಿಮೆಯಾದ್ದರಿಂದ, ತಿಳಿವಳಿಕೆ ಕೊಟ್ಟರೆ ಸುಳ್ಳು ಕರಗುತ್ತದೆ ಎಂಬುದನ್ನು ಪ್ರಶ್ನಿಸದೆ ಒಪ್ಪಿಕೊಂಡೇ ನಾವು ಮಾತಿಗೆ ತೊಡಗುತ್ತೇವೆ. ಪ್ಲೇಗಿನ ಚರಿತ್ರೆ ಬೇರೊಂದು ವಿವರಣೆಯತ್ತ ಕೈತೋರುತ್ತದೆ. ವದಂತಿಯ ವಿವರಗಳು ಸುಳ್ಳು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಎಲ್ಲಿ ಹುಟ್ಟಿತು, ಯಾವಾಗ ಉರಿಯಿತು, ಎಲ್ಲಿ ತಣ್ಣಗಾಯಿತು ಎಂದು ನೋಡಿದರೆ, ಜನರ ಮೈಮೇಲೆ ಆಳುವವರ ಕೈ ಎಷ್ಟು ಒರಟಾಗಿ ಬಿತ್ತು ಎಂಬುದನ್ನೇ ಅದು ಹಿಂಬಾಲಿಸಿದೆ. ಸುಳ್ಳುಸುದ್ದಿ ಅಧಿಕಾರದ ನಡತೆಯ ಬಗ್ಗೆ ಜನ ಹಾಕಿಕೊಂಡ ಅಂದಾಜು. ಆ ಅಂದಾಜನ್ನು ಬದಲಿಸಲು ಭಾಷಣಕ್ಕಿಂತ ಮೊದಲು ನಡತೆ ಬದಲಾಗಬೇಕಾಗುತ್ತದೆ.

ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವಿಯೆಗಾಸ್ ಪ್ಲೇಗನ್ನು ಗುರುತಿಸಿದ್ದು 1896ರ ಸೆಪ್ಟೆಂಬರಿನಲ್ಲಿ. ರೋಗದ ಜೀವಾಣುವನ್ನು ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಕಂಡುಹಿಡಿದು ಆಗಿನ್ನೂ ಎರಡೇ ವರ್ಷ. ಅದು ಮನುಷ್ಯರಿಗೆ ಹೇಗೆ ಅಂಟುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕೊಳಕಿನಿಂದ, ಕತ್ತಲೆಯ ಕೋಣೆಗಳಿಂದ, ರೋಗಿಯ ಸಂಪರ್ಕದಿಂದ ಬರುತ್ತದೆಂದು ನಂಬಿದ ನಗರಸಭೆ ಚರಂಡಿಗಳಿಗೆ ಸಮುದ್ರದ ನೀರು, ಕಾರ್ಬಾಲಿಕ್ ಆಮ್ಲ ಹರಿಸಿತು. ಮನೆಗಳ ಹಂಚು ತೆಗೆಸಿ ಬಿಸಿಲು ಬಿಡಿಸಿತು. ರೋಗಿಯ ಬಟ್ಟೆಬರೆಯನ್ನು ಸುಡಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಮುನಿಸಿಪಲ್ ಕಮಿಷನರ್ ಸ್ನೋ ಅಕ್ಟೋಬರ್ ಮೊದಲ ವಾರದಲ್ಲೇ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ಚಲಾಯಿಸಿದರು. ಸುಮಾರು ಎಂಟು ಲಕ್ಷ ಜನರಿದ್ದ ಊರಿನಿಂದ 1897ರ ಫೆಬ್ರವರಿಯ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೊರಟುಹೋಗಿದ್ದರು. ರೋಗಕ್ಕೆ ಹೆದರಿ ಹೋದವರೆಷ್ಟು, ಆಸ್ಪತ್ರೆಗೆ ಹೆದರಿ ಹೋದವರೆಷ್ಟು ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಆದರೆ 1896ರ ಅಕ್ಟೋಬರ್ 29ರಂದು ಗಿರಣಿ ಕೆಲಸಗಾರರ ದೊಡ್ಡ ಗುಂಪು ನುಗ್ಗಿದ್ದು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ. ಅವರ ಸಿಟ್ಟಿನ ಗುರಿ ಯಾವುದೆಂಬುದರಲ್ಲಿ ಗೊಂದಲವಿರಲಿಲ್ಲ.

ಆಸ್ಪತ್ರೆಯ ಸುತ್ತ ಹುಟ್ಟಿದ ಕತೆಗಳನ್ನು ಬಿಡಿಸಿ ನೋಡಿದರೆ ಒಳಗೆ ನಿಜವಾದ ಸಂಗತಿಗಳೇ ಸಿಗುತ್ತವೆ. ಪ್ರತಿಮೆಗೆ ಮಸಿ ಬಿದ್ದದ್ದು ನಿಜ. ಆಸ್ಪತ್ರೆಗೆ ಹೋದವರಲ್ಲಿ ಹೆಚ್ಚಿನವರು ಹೆಣವಾಗಿ ಹೊರಬಂದದ್ದೂ ನಿಜ. ಪ್ಲೇಗಿಗೆ ಆಗ ಔಷಧಿಯೇ ಇರಲಿಲ್ಲ, ಜೊತೆಗೆ ಮನೆಯವರು ಬಚ್ಚಿಟ್ಟುಕೊಂಡಿದ್ದ ರೋಗಿಗಳು ಅಲ್ಲಿಗೆ ತಲುಪುತ್ತಿದ್ದದ್ದು ಕೊನೆಯ ಗಳಿಗೆಯಲ್ಲಿ. ವೈದ್ಯರು ಹೆಣ ಕುಯ್ದು ಒಳಗಿನ ಅಂಗಗಳನ್ನು ಪರೀಕ್ಷಿಸುತ್ತಿದ್ದುದೂ ನಿಜ; 1897ರಲ್ಲಿ ಆಸ್ಟ್ರಿಯಾದಿಂದ ಬಂದ ವೈದ್ಯರ ತಂಡದ ಮುಖ್ಯ ಕೆಲಸವೇ ಅದಾಗಿತ್ತು. ಒಳಗೆ ಏನು ನಡೆಯುತ್ತದೆ ಎಂದು ಮನೆಯವರಿಗೆ ತಿಳಿಸುವ ವ್ಯವಸ್ಥೆ ಇರಲಿಲ್ಲ. ಬದುಕಿದ್ದಾಗ ಕರೆದೊಯ್ದವರ ದೇಹ ಕೆಲವೊಮ್ಮೆ ತಮ್ಮ ಜಾತಿಯ, ಧರ್ಮದ ಪದ್ಧತಿಯಂತೆ ಮಣ್ಣು ಮಾಡುವುದಕ್ಕೂ ಸಿಗುತ್ತಿರಲಿಲ್ಲ. ಕಣ್ಣಿಗೆ ಕಂಡಷ್ಟು ಸಂಗತಿಗಳನ್ನು ಜೋಡಿಸಿ, ಕಾಣದ ಭಾಗವನ್ನು ಜನ ಕಲ್ಪನೆಯಿಂದ ತುಂಬಿಕೊಂಡರು. ರಾಣಿಗೆ ಯಕೃತ್ತು ಬೇಕಿರಲಿಲ್ಲ, ಆದರೆ ಈ ಆಳ್ವಿಕೆ ನಮ್ಮ ದೇಹವನ್ನು ನಮ್ಮನ್ನು ಕೇಳದೆ ತೆಗೆದುಕೊಳ್ಳುತ್ತದೆ ಎಂಬ ಗ್ರಹಿಕೆಗೆ ಆಧಾರವಿತ್ತು.

ಆ ಗ್ರಹಿಕೆಗೆ ಕಾನೂನಿನ ಮುದ್ರೆ ಬಿದ್ದದ್ದು 1897ರ ಫೆಬ್ರವರಿಯಲ್ಲಿ. ಯುರೋಪಿನ ದೇಶಗಳು ಭಾರತದ ಸರಕಿಗೆ ಬಂದರು ಮುಚ್ಚುವ ಬೆದರಿಕೆ ಒಡ್ಡಿದ್ದವು. ವೆನಿಸ್‌ನಲ್ಲಿ ಇದಕ್ಕೆಂದೇ ಅಂತರರಾಷ್ಟ್ರೀಯ ಸಮ್ಮೇಳನ ಸೇರಲಿತ್ತು. ವ್ಯಾಪಾರ ಉಳಿಯಬೇಕಾದರೆ ಸರ್ಕಾರ ಏನಾದರೂ ಮಾಡಿ ತೋರಿಸಬೇಕಿತ್ತು. ಹಾಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿದ್ದದ್ದು ನಾಲ್ಕೇ ಕಲಮು. ಸರ್ಕಾರ ತನಗೆ ಅಗತ್ಯವೆಂದು ಕಂಡ ಯಾವುದೇ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಸದ್ಭಾವನೆಯಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಜನರಿಗೆ ಪ್ರಕಟಣೆ ಹೊರಡಿಸುವ ಮಾತು ಅದರಲ್ಲಿ ಬರುವುದು ಅವರು ಪಾಲಿಸಬೇಕಾದ ನಿಯಮಗಳನ್ನು ಸಾರುವುದಕ್ಕೆ ಮಾತ್ರ. ಏಕೆ ಎಂದು ವಿವರಿಸುವ ಹೊಣೆ ಯಾರ ಮೇಲೂ ಇರಲಿಲ್ಲ. ಮುಂಬಯಿಯಲ್ಲಿ ಜನರಲ್ ಗ್ಯಾಟಕರ್ ಪ್ಲೇಗ್ ಸಮಿತಿಯ ಮುಖ್ಯಸ್ಥರಾದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ಡಬ್ಲ್ಯು. ಸಿ. ರ್‍ಯಾಂಡ್ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿದರು. ರೈಲು ನಿಲ್ದಾಣಗಳಲ್ಲಿ ಗಂಡಸು, ಹೆಂಗಸು ಎನ್ನದೆ ಕಂಕುಳು, ತೊಡೆಸಂದು ಮುಟ್ಟಿ ಗಡ್ಡೆ ಹುಡುಕಿದರು. ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಳ್ಳುತ್ತಿದ್ದ ರೀತಿಯ ಬಗ್ಗೆ ಪಂಡಿತಾ ರಮಾಬಾಯಿ ಬಹಿರಂಗವಾಗಿ ದೂರಿದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ್‍ಯಾಂಡ್‌ಗೆ ಗುಂಡು ಹಾರಿಸಿದರು. ಅದೇ ವರ್ಷ ತಿಲಕರು ರಾಜದ್ರೋಹದ ಆರೋಪದ ಮೇಲೆ ಜೈಲು ಸೇರಿದರು. ಅವರು ಪುಣೆಯಲ್ಲಿ ಹಿಂದೂಗಳಿಗಾಗಿ ಪ್ಲೇಗ್ ಆಸ್ಪತ್ರೆಯೊಂದನ್ನು ತೆರೆಯಲು ಮುಂದಾದವರೆಂಬುದನ್ನು ಮರೆಯಬಾರದು. ಅವರ ತಕರಾರು ವೈದ್ಯದ ಮೇಲಿರಲಿಲ್ಲ, ಅದನ್ನು ನಡೆಸುತ್ತಿದ್ದ ರೀತಿಯ ಮೇಲಿತ್ತು.

ಗಲಭೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಒಂದು ಕ್ರಮ ಎದ್ದು ಕಾಣುತ್ತದೆ. 1898ರ ಮಾರ್ಚ್ 9ರಂದು ಮುಂಬಯಿಯ ಜುಲಾಹಾ ನೇಕಾರರ ಕೇರಿ ಸಿಡಿದೆದ್ದದ್ದು ಜ್ವರದ ಹುಡುಗಿಯೊಬ್ಬಳನ್ನು ಪರೀಕ್ಷಿಸಿ ಸಾಗಿಸಲು ತಂಡ ಬಂದಾಗ. 1900ರ ಏಪ್ರಿಲಿನಲ್ಲಿ ಕಾನ್ಪುರದ ಜನ ಮುತ್ತಿದ್ದು ರೋಗಿಗಳನ್ನು ಕೂಡಿಹಾಕಿದ್ದ ಕ್ಯಾಂಪನ್ನು. 1898ರ ಮೇ ತಿಂಗಳಲ್ಲಿ ಕಲ್ಕತ್ತೆ ಕಂಗೆಟ್ಟದ್ದು ಬಲವಂತವಾಗಿ ಸೂಜಿ ಚುಚ್ಚುತ್ತಾರೆಂಬ ಗುಲ್ಲಿನಿಂದ. ರೋಗ ಅಲ್ಲಿ ಆಗಿನ್ನೂ ಬೆರಳೆಣಿಕೆಯಷ್ಟು ಜನರನ್ನು ತಾಕಿತ್ತು, ಭಯ ಮಾತ್ರ ಇಡೀ ನಗರವನ್ನು ಹಿಡಿದಿತ್ತು. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಜಾನ್ ವುಡ್‌ಬರ್ನ್, ಯಾರಿಗೂ ಬಲವಂತದ ಚುಚ್ಚುಮದ್ದಿಲ್ಲ ಎಂದು ಸಾರಿ, ಮನೆಯಲ್ಲೇ ರೋಗಿಯನ್ನು ಬೇರೆ ಇರಿಸಿಕೊಳ್ಳಲು ದಾರಿ ಮಾಡಿಕೊಟ್ಟರು. ಅದೇ ಹೊತ್ತಿಗೆ ಸ್ವಾಮಿ ವಿವೇಕಾನಂದರು ಬಂಗಾಳಿ, ಹಿಂದಿಗಳಲ್ಲಿ ಪ್ಲೇಗಿನ ಕುರಿತು ಹೊರಡಿಸಿದ ಮನವಿಪತ್ರದಲ್ಲಿ ಗಾಳಿಸುದ್ದಿಗೆ ಕಿವಿಗೊಡಬೇಡಿ ಎಂಬ ಮಾತಿನ ಬೆನ್ನಲ್ಲೇ ಬರುವುದು ಸರ್ಕಾರ ಬಲವಂತವಾಗಿ ಲಸಿಕೆ ಹಾಕುವುದಿಲ್ಲ, ಇಷ್ಟವಿದ್ದವರಿಗೆ ಮಾತ್ರ ಹಾಕುತ್ತದೆ ಎಂಬ ಭರವಸೆ. ಜನರನ್ನು ಬಲ್ಲವರು ಲಸಿಕೆಯ ವಿಜ್ಞಾನ ವಿವರಿಸುತ್ತ ಕೂರಲಿಲ್ಲ. ಭಯದ ಬೇರು ಸೂಜಿಯಲ್ಲಿಲ್ಲ, ಸೂಜಿ ಹಿಡಿದ ಕೈಯ ಹಿಂದಿನ ಬಲದಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ಇದಕ್ಕೆ ಮೊದಲ ಆಕ್ಷೇಪ ಸಹಜವಾಗಿ ಬರುವಂಥದ್ದು. ಇವೆಲ್ಲ ಪರದೇಶಿ ಆಳ್ವಿಕೆಯ ಮೇಲಿನ ದ್ವೇಷವಷ್ಟೇ, ನಮ್ಮವರೇ ಆಳುತ್ತಿದ್ದರೆ ಹೀಗಾಗುತ್ತಿರಲಿಲ್ಲ ಎನ್ನಬಹುದು. ಮೈಸೂರು ಸಂಸ್ಥಾನದ ಅನುಭವ ಇದನ್ನು ಒಪ್ಪುವುದಿಲ್ಲ. ಹುಬ್ಬಳ್ಳಿಯ ಕಡೆಯಿಂದ ರೈಲಿನ ಜಾಡು ಹಿಡಿದು ಪ್ಲೇಗು ಬೆಂಗಳೂರಿಗೆ ಬಂದದ್ದು 1898ರ ಆಗಸ್ಟಿನಲ್ಲಿ. ಸಂಸ್ಥಾನದಲ್ಲಿ ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ರೀಜೆಂಟ್ ಆಡಳಿತ. ದಿವಾನರು ಶೇಷಾದ್ರಿ ಅಯ್ಯರ್, ಪ್ಲೇಗ್ ಕಮಿಷನರ್ ವಿ. ಪಿ. ಮಾಧವರಾವ್. ಆಳುವವರು ಪರಕೀಯರಲ್ಲ, ಅರಮನೆಯ ಮೇಲೆ ಜನರಿಗೆ ಭಕ್ತಿಯೂ ಇತ್ತು. ಆದರೆ ಕ್ರಮಗಳು ಮುಂಬಯಿಯ ಮಾದರಿಯವೇ: ತಪಾಸಣೆ, ಮನೆ ಖಾಲಿ ಮಾಡಿಸುವುದು, ಕ್ಯಾಂಪಿಗೆ ಸಾಗಿಸುವುದು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆ ಎದ್ದಿತು. ಮನೆಯೊಳಕ್ಕೆ ನುಗ್ಗುವ ಕೈ ಯಾರದ್ದಾದರೂ ಒಂದೇ ಬಗೆಯ ಪ್ರತಿಕ್ರಿಯೆ ಹುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ವಸಾಹತುಶಾಹಿ ಆ ಭಯವನ್ನು ಹೆಚ್ಚಿಸಿತು ನಿಜ, ಅದೊಂದೇ ಅದನ್ನು ಹುಟ್ಟಿಸಲಿಲ್ಲ.

ಕನ್ನಡ ನಾಡಿನ ಇನ್ನೊಂದು ಊರು ಇದರ ಮತ್ತೊಂದು ಮಗ್ಗುಲನ್ನು ತೋರಿಸುತ್ತದೆ. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರು, ಸುಮಾರು ಐವತ್ತು ಸಾವಿರ ಜನ; ಸದರ್ನ್ ಮರಾಠಾ ರೈಲ್ವೆಯ ಜಂಕ್ಷನ್ನು, ವರ್ಕ್‌ಶಾಪು, ಹತ್ತಿಯ ಗಿರಣಿ. ಇಲ್ಲಿ 1898ರ ಮೇ ತಿಂಗಳಿಂದ ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗ್ ಲಸಿಕೆ ಹಾಕುವ ಕೆಲಸ ಶುರುವಾಯಿತು. ಕೆಲವೇ ತಿಂಗಳಲ್ಲಿ ಊರಿನ ಬಹುಪಾಲು ಜನ ಚುಚ್ಚಿಸಿಕೊಂಡರು. ಆ ಕಾಲದ ಭಾರತದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಒಂದು ಊರು ಲಸಿಕೆಯನ್ನು ಒಪ್ಪಿಕೊಂಡ ನಿದರ್ಶನಗಳು ವಿರಳ. ಅಂಕಿಸಂಖ್ಯೆಗಳನ್ನು ಇಟ್ಟ ಬಗೆಗೆ ಭಾರತೀಯ ಪ್ಲೇಗ್ ಆಯೋಗ ತಕರಾರು ತೆಗೆದರೂ, ಲಸಿಕೆಯಿಂದ ರೋಗವೂ ಸಾವೂ ತಗ್ಗುತ್ತವೆ ಎಂಬ ತೀರ್ಮಾನಕ್ಕೇ ಅದು ಬಂದಿತು. ಹುಬ್ಬಳ್ಳಿಯವರು ಪಂಜಾಬಿನವರಿಗಿಂತ ಹೆಚ್ಚು ಓದಿದವರಾಗಿದ್ದರೆಂದು ಇದನ್ನು ವಿವರಿಸಲಾಗದು. ಅಲ್ಲಿ ಚುಚ್ಚುಮದ್ದು ಜನರ ಕೈಯಲ್ಲಿದ್ದ ಒಂದು ಆಯ್ಕೆಯಾಗಿತ್ತು. ಚುಚ್ಚಿಸಿಕೊಂಡವರಿಗೆ ಕ್ಯಾಂಪಿನಂಥ ಕಟ್ಟುಪಾಡುಗಳಿಂದ ವಿನಾಯಿತಿ ಸಿಗುತ್ತಿತ್ತು. ಪಕ್ಕದ ಮನೆಯಲ್ಲಿ ಚುಚ್ಚಿಸಿಕೊಂಡವರು ಉಳಿದದ್ದು, ಬಿಟ್ಟವರು ಸತ್ತದ್ದು ಕಣ್ಣೆದುರಿಗಿತ್ತು. ವಿನಾಯಿತಿಯ ಆಸೆಯೂ ಒಂದು ಬಗೆಯ ಒತ್ತಾಯವೇ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕುವಂತಿಲ್ಲ. ಆದರೆ ಕ್ಯಾಂಪಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಿ ಬಂದ ಸೂಜಿಯನ್ನೂ ಕ್ಯಾಂಪಿನ ಜೊತೆಗೇ ಬಂದ ಸೂಜಿಯನ್ನೂ ಜನ ಬೇರೆಬೇರೆಯಾಗಿ ಕಂಡರು. ನಂಬಿಕೆ ಗಳಿಸುವ ಕೆಲಸದಲ್ಲಿ ಮಾದರಿಯಾದವರೂ ಇದ್ದರು. ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿ 10ರಂದು ತಾವು ಸಿದ್ಧಪಡಿಸಿದ ಈ ಲಸಿಕೆಯನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡಿದ್ದರು. ಆಗಿನ್ನೂ ಇಪ್ಪತ್ತರ ಹರೆಯದ ಆಗಾ ಖಾನರು ತಾವು ಧರ್ಮಗುರುವಾಗಿದ್ದ ಖೋಜಾ ಸಮುದಾಯದ ಭಯ ಕಳೆಯಲು ಎಲ್ಲರೆದುರು ಮತ್ತೆ ಮತ್ತೆ ಚುಚ್ಚಿಸಿಕೊಂಡರು.

ಎರಡನೆಯ ಆಕ್ಷೇಪ ಇನ್ನಷ್ಟು ಗಟ್ಟಿಯಾದದ್ದು. ಕಾರಣ ಏನೇ ಇರಲಿ, ಒಂದು ಕಡೆ ವಿಜ್ಞಾನವಿತ್ತು, ಇನ್ನೊಂದು ಕಡೆ ಕಟ್ಟುಕತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂಬ ವಾದ. ತೂಗುವ ಮೊದಲು ವಿಜ್ಞಾನದ ಕಡೆ ಏನಿತ್ತೆಂದು ನೋಡಬೇಕು. ಪಾಲ್-ಲೂಯಿ ಸಿಮೊ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ, ಪ್ಲೇಗು ಇಲಿಯಿಂದ ಇಲಿಗೆ ಚಿಗಟದ ಮೂಲಕ ಹೋಗುತ್ತದೆಂದು ತೋರಿಸಿದ. ಪರಿಣತರು ಅದನ್ನು ನಂಬಲಿಲ್ಲ. ಸರ್ಕಾರದ ಆಯೋಗವೂ ಪಕ್ಕಕ್ಕೆ ಸರಿಸಿತು. ಮುಂಬಯಿಯಲ್ಲಿ ಗ್ಲೆನ್ ಲಿಸ್ಟನ್ ಮತ್ತು 1905ರಿಂದ ಕೆಲಸ ಮಾಡಿದ ಸಂಶೋಧನಾ ಆಯೋಗ ಅದನ್ನು ಖಚಿತಪಡಿಸುವವರೆಗೆ, ಅಂದರೆ ರೋಗ ಕಾಲಿಟ್ಟ ಸುಮಾರು ಒಂಬತ್ತು ವರ್ಷ, ಸರ್ಕಾರ ಹಿಡಿದ ದಾರಿ ಹೆಚ್ಚುಪಾಲು ತಪ್ಪಾಗಿತ್ತು. ಗಡ್ಡೆಯ ಪ್ಲೇಗು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಅಂಟುವುದೇ ಇಲ್ಲ. ರೋಗಿಯನ್ನು ಮನೆಯವರಿಂದ ಕಿತ್ತು ಸಾಗಿಸಿದ್ದರಿಂದ ಆದ ಲಾಭ ಅತ್ಯಲ್ಪ. ಚರಂಡಿಗೆ ಆಮ್ಲ ಸುರಿದು, ಗೋದಾಮುಗಳನ್ನು ಕೆದಕಿದಾಗ ಇಲಿಗಳು ಚದುರಿ ಹೊಸ ಕೇರಿಗಳಿಗೆ ಹೋಗುವ ಸಾಧ್ಯತೆಯೇ ಹೆಚ್ಚಿತ್ತು. ಹೀಗೆ ಎರಡೂ ಕಡೆ ತಪ್ಪು ತಿಳಿವಳಿಕೆ ಇತ್ತು. ಒಂದು ಕಡೆಯ ತಪ್ಪಿಗೆ ಮೊಹರು, ಸಹಿ, ಸಿಪಾಯಿ ಇದ್ದರು. ಇನ್ನೊಂದು ಕಡೆಯದಕ್ಕೆ ಹೆಸರೂ ಇರಲಿಲ್ಲ.

ಆದರೂ ಎರಡೂ ಒಂದೇ ಎನ್ನಲು ಬಾರದು. ವೈದ್ಯರ ತಪ್ಪನ್ನು ವೈದ್ಯರೇ ಪ್ರಯೋಗ ಮಾಡಿ ತಿದ್ದಿಕೊಂಡರು. ಸಿಮೊ ಹೇಳಿದ್ದು ಸರಿ ಎಂದು ಕೊನೆಗೆ ಒಪ್ಪಿದ್ದು ಅದೇ ವಿದ್ವತ್ ವಲಯ. ಮೊಮಿಯಾಯಿಯ ಕತೆಗೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಯಾವ ಉಪಾಯವೂ ಇರಲಿಲ್ಲ. ವಿಜ್ಞಾನದ ಹಿರಿಮೆ ಇರುವುದು ಈ ತಿದ್ದಿಕೊಳ್ಳುವ ಗುಣದಲ್ಲಿ, ಯಾವಾಗಲೂ ಸರಿಯಾಗಿರುವುದರಲ್ಲಿ ಅಲ್ಲ. ಆಗಿನ ಆಡಳಿತ ಜನರ ಮುಂದೆ ತೋರಿಸಿದ್ದು ಎಂದೂ ತಪ್ಪದ ಮುಖವನ್ನು ಮಾತ್ರ, ತಿದ್ದಿಕೊಳ್ಳುವ ಮುಖ ಹೊರಗೆ ಕಾಣಲೇ ಇಲ್ಲ. ಇದರಿಂದ ಇನ್ನೊಂದು ನಷ್ಟವೂ ಆಯಿತು. ಜನ ಹೇಳಿದ್ದನ್ನೆಲ್ಲ ಮೌಢ್ಯದ ಗೂಡಿಗೆ ತಳ್ಳಿದ್ದರಿಂದ ಅದರಲ್ಲಿದ್ದ ತಿಳಿವೂ ಕೈತಪ್ಪಿತು. ಕುಮಾವೂನಿನ ಬೆಟ್ಟದ ಹಳ್ಳಿಗರು ಇಲಿ ಸಾಯತೊಡಗಿದರೆ ಊರು ಬಿಡಬೇಕೆಂದು ಮುಂಬಯಿಗೆ ಪ್ಲೇಗು ಬರುವ ಎಷ್ಟೋ ಮೊದಲೇ ಬಲ್ಲವರಾಗಿದ್ದರು. ನಮ್ಮ ಕಡೆಯ ರೈತರೂ ಮನೆಯಲ್ಲಿ ಇಲಿ ಬಿದ್ದರೆ ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದನ್ನು ರೂಢಿ ಮಾಡಿಕೊಂಡರು. ಚಿಗಟದ ಪಾತ್ರ ತಿಳಿದ ಮೇಲೆ ನೋಡಿದರೆ, ಮನೆಯನ್ನು ತಾವಾಗಿ ತೊರೆಯುವ ಆ ಕ್ರಮ ಔಷಧಿಯಿಲ್ಲದ ಕಾಲದ ಅತ್ಯುತ್ತಮ ರಕ್ಷಣೆ. ಹಾಗೆ ಊರು ಬಿಟ್ಟವರೇ ಪ್ಲೇಗ್ ಮಾರಮ್ಮನಿಗೆ ಗುಡಿಯನ್ನೂ ಕಟ್ಟಿದರು. ಭಕ್ತಿಗೂ ಎಚ್ಚರಿಕೆಗೂ ಅಲ್ಲಿ ಜಗಳವಿರಲಿಲ್ಲ. ಅಂಧಶ್ರದ್ಧೆಯೇ ಅಪಾಯವೆಂದು ಕಂಡ ಅಧಿಕಾರಿಗಳಿಗೆ ಈ ಸಂಬಂಧ ಅರ್ಥವಾಗಲಿಲ್ಲ.

ಮೂರನೆಯ ಆಕ್ಷೇಪವನ್ನು ಎತ್ತುವವರು ಬೇರೆ ತುದಿಯಲ್ಲಿ ನಿಂತವರು. ಅವರ ಪ್ರಕಾರ ಜನ ಹೆದರಿದ್ದೇ ಸರಿ, ಲಸಿಕೆ ನಿಜಕ್ಕೂ ಕೊಂದಿತಲ್ಲ! ಕೊಂದದ್ದು ಹೌದು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಚುಚ್ಚುಮದ್ದು ಹಾಕಲಾಯಿತು. ಒಂದೇ ಬಾಟಲಿಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಗಜದುದ್ದದ ಸೂಜಿಯ ಕತೆಗೆ ಹತ್ತೊಂಬತ್ತು ಹೆಣಗಳ ಸಾಕ್ಷಿ ಸಿಕ್ಕಿತು. ಪಂಜಾಬಿನಲ್ಲಿ ಲಕ್ಷಗಟ್ಟಲೆ ಜನರನ್ನು ಮುಟ್ಟಲು ಹೊರಟಿದ್ದ ಲಸಿಕೆಯ ಆಂದೋಲನ ಅಲ್ಲೇ ಮುಗ್ಗರಿಸಿತು. ವಿಚಾರಣೆ ಮುಂಬಯಿಯ ಹಾಫ್‌ಕಿನ್ ಪ್ರಯೋಗಾಲಯದತ್ತ ಬೆರಳು ಮಾಡಿತು. ಹಾಫ್‌ಕಿನ್ ಅವರನ್ನು ಕೆಲಸದಿಂದ ದೂರವಿಟ್ಟರು. ಆದರೆ ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಲಾಗಿತ್ತು ಎಂಬ ಸಂಗತಿ ದಾಖಲೆಯಲ್ಲೇ ಇತ್ತು. ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ದನಿ ಎತ್ತಿದ ಮೇಲೆಯೇ ಹಾಫ್‌ಕಿನ್ ಮೇಲಿನ ಕಳಂಕ ತೊಳೆದದ್ದು. ಐದು ವರ್ಷ ಹಿಡಿಯಿತು. ಈ ಪ್ರಕರಣ ವದಂತಿಯನ್ನು ಸಮರ್ಥಿಸುವುದಿಲ್ಲ. ಲಸಿಕೆ ಬಂಜೆತನ ತರಲಿಲ್ಲ, ಪಡೆದವರೆಲ್ಲ ಆರು ತಿಂಗಳಲ್ಲಿ ಸಾಯಲೂ ಇಲ್ಲ. ಮುಲ್ಕೋವಾಲ್ ಹೇಳುವುದು ಬೇರೆ: ಅನಾಹುತ ನಡೆದಾಗ ಏನಾಯಿತು, ಏಕಾಯಿತು, ಇನ್ನು ಹಾಗಾಗದಂತೆ ಏನು ಮಾಡಿದ್ದೇವೆ ಎಂದು ಬೇಗ ಹೇಳದಿದ್ದರೆ ಆ ಖಾಲಿ ಜಾಗವನ್ನು ಸುಳ್ಳು ಆಕ್ರಮಿಸುತ್ತದೆ. ಹತ್ತೊಂಬತ್ತು ಸಾವುಗಳ ನಿಜ ಮುಚ್ಚಿಹೋದ ಕಡೆ ಲಕ್ಷಾಂತರ ಜನರ ಮೈಗೆ ಲಸಿಕೆ ತಾಕಲಿಲ್ಲ.

ಇಲ್ಲಿ ನನ್ನ ವಾದಕ್ಕೆ ತೊಡಕಾಗುವ ಒಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. 1898ರಿಂದ 1900ರ ನಡುವೆ ಸರ್ಕಾರ ಬಲವಂತವನ್ನು ಬಹುಮಟ್ಟಿಗೆ ಕೈಬಿಟ್ಟಿತು. ಗಲಭೆಗಳು ತಗ್ಗಿದವು, ಯಕೃತ್ತಿನಂಥ ಕತೆಗಳೂ ತೆಳುವಾದವು. ಪ್ಲೇಗು ಮಾತ್ರ ನಿಲ್ಲಲಿಲ್ಲ. ಅತಿ ಹೆಚ್ಚು ಸಾವುಗಳಾದದ್ದು ಆಮೇಲೆ. 1907ರ ಒಂದೇ ವರ್ಷದಲ್ಲಿ ಸುಮಾರು 13 ಲಕ್ಷ ಜನ ಸತ್ತರು. ಹಾಗಾದರೆ ನಯವಾಗಿ ನಡೆದುಕೊಂಡು ಆದ ಪ್ರಯೋಜನವೇನು? ನಂಬಿಕೆ ರೋಗಕ್ಕೆ ಔಷಧಿಯಲ್ಲ, ಸುಳ್ಳು ಕಡಿಮೆಯಾದ ಮಾತ್ರಕ್ಕೆ ಚಿಗಟ ಕಚ್ಚುವುದು ನಿಲ್ಲುವುದಿಲ್ಲ. ಆದರೆ ಬಲವಂತವಿದ್ದ ವರ್ಷಗಳಲ್ಲೂ ಅದು ನಿಂತಿರಲಿಲ್ಲ. ಆಗ ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣಗಳನ್ನು ಗುಟ್ಟಾಗಿ ಮಣ್ಣು ಮಾಡಿದರು, ಸಾವಿನ ಲೆಕ್ಕವೂ ಸಿಗದಾಯಿತು. ನಂಬಿಕೆಯಿಂದ ಸಿಗುವುದು ಇಷ್ಟೇ: ಕೈಯಲ್ಲೊಂದು ಉಪಾಯವಿದ್ದರೆ ಅದನ್ನು ಬಳಸಲು ಜನ ಮುಂದೆ ಬರುತ್ತಾರೆ, ರೋಗ ಎಲ್ಲಿದೆಯೆಂದು ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ಆದದ್ದು ಇದೇ, ಮುಲ್ಕೋವಾಲದ ನಂತರ ಪಂಜಾಬಿನಲ್ಲಿ ಆಗದೇ ಹೋದದ್ದೂ ಇದೇ. ಅಲ್ಲಿನ ಸಾವಿನ ರಾಶಿಯಲ್ಲಿ ಲಸಿಕೆ ಉಳಿಸಬಹುದಾಗಿದ್ದ ಜೀವಗಳೂ ಇದ್ದವು.

ಸುಮಾರು ಒಂದೂಕಾಲು ಶತಮಾನದ ನಂತರ, 2020ರ ಮಾರ್ಚಿನಲ್ಲಿ, ಕೋವಿಡ್ ಎದುರಿಸಲು ಕರ್ನಾಟಕವೂ ಸೇರಿದಂತೆ ರಾಜ್ಯಗಳು ಕೈಗೆತ್ತಿಕೊಂಡದ್ದು ಅದೇ 1897ರ ಕಾಯ್ದೆಯನ್ನು. ದೆಹಲಿ, ಮಹಾರಾಷ್ಟ್ರದಂಥ ರಾಜ್ಯಗಳ ನಿಯಮಾವಳಿಯಲ್ಲಿ ಆರೋಗ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ರೋಗದ ಮಾಹಿತಿ ಪ್ರಕಟಿಸಬಾರದೆಂಬ ಷರತ್ತು ಸೇರಿತು. ಏಪ್ರಿಲಿನಲ್ಲಿ ಕೇಂದ್ರ ಸುಗ್ರೀವಾಜ್ಞೆಯ ಮೂಲಕ, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಕಠಿಣ ಶಿಕ್ಷೆಯನ್ನು ಕಾಯ್ದೆಗೆ ಸೇರಿಸಿತು. ಆ ಸಿಬ್ಬಂದಿಗೆ ರಕ್ಷಣೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನರ ಬಾಯಿಗೆ ಕಟ್ಟುಪಾಡು ಸೇರಿತು, ಜನರ ಕೈಗೆ ಶಿಕ್ಷೆ ಸೇರಿತು. ಸರ್ಕಾರ ಜನರಿಗೆ ಏನನ್ನು, ಎಷ್ಟು ಬೇಗ ತಿಳಿಸಬೇಕೆಂಬ ಕಲಮು ಮಾತ್ರ ಆಗಲೂ ಸೇರಲಿಲ್ಲ. ಕರ್ನಾಟಕದಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಬಹಿರಂಗಪಡಿಸಲಾಯಿತು. ಗಂಟೆಗೊಮ್ಮೆ ಸೆಲ್ಫಿ ಕಳಿಸುವಂತೆ ಆಜ್ಞೆಯಾಯಿತು. ಬೇರೆಬೇರೆ ರಾಜ್ಯಗಳಲ್ಲಿ ರೋಗಿಗಳ ಮನೆ ಬಾಗಿಲಿಗೆ ಅಂಟಿಸಿದ ಭಿತ್ತಿಪತ್ರಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಡಿಸೆಂಬರಿನಲ್ಲಿ ಇತ್ಯರ್ಥವಾಯಿತು. 2021ರ ಜನವರಿಯಲ್ಲಿ ಲಸಿಕೆಗೆ ಒಪ್ಪಿಗೆ ಕೊಟ್ಟ ದಿನವೇ ದೇಶದ ಔಷಧ ನಿಯಂತ್ರಕರು ನಿರಾಕರಿಸಬೇಕಾಗಿ ಬಂದ ಗಾಳಿಸುದ್ದಿ ಯಾವುದು? ಲಸಿಕೆಯಿಂದ ಗಂಡಸುತನ ಹೋಗುತ್ತದೆ ಎಂಬುದು.

ಕಾಲ ಬದಲಾಗಿದೆ, ಇಂದಿನ ಸುಳ್ಳು ಹೆದರಿದ ಜನರ ಬಾಯಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಲಾಭಕ್ಕಾಗಿ, ರಾಜಕೀಯಕ್ಕಾಗಿ ತಯಾರಾಗುತ್ತದೆ, ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಾವಿರಾರು ಜನರನ್ನು ತಲುಪುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ನಕಲಿ ಔಷಧಿ ಮಾರಲು ಸುಳ್ಳು ಕಟ್ಟುವವನನ್ನು ಹೆದರಿದ ತಾಯಿಯ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ಅವನಿಗೆ ಕಾನೂನಿದೆ, ಬಳಸಬೇಕು. ಆದರೆ ವೇಗ ಹೊಸದೇನಲ್ಲ. 1898ರ ಗುಲ್ಲುಗಳೂ ಆ ಕಾಲದ ವೇಗದ ಸಾಧನಗಳಾದ ರೈಲಿನಲ್ಲಿ, ಪತ್ರಿಕೆಯಲ್ಲಿ ಪ್ರಯಾಣ ಮಾಡಿದವು. ತಯಾರಾದ ಸುಳ್ಳಿಗೂ ಕೊಳ್ಳುವವರು ಬೇಕು. ಒಂದೇ ಸಂದೇಶ ಒಂದು ಬಡಾವಣೆಯಲ್ಲಿ ನಗೆಪಾಟಲಾಗಿ ಇನ್ನೊಂದರಲ್ಲಿ ಜನರನ್ನು ಲಸಿಕೆ ಕೇಂದ್ರದಿಂದ ಓಡಿಸಿದರೆ, ಆ ವ್ಯತ್ಯಾಸದ ಕಾರಣ ಸಂದೇಶದಲ್ಲಿ ಸಿಗುವುದಿಲ್ಲ. ಆ ಎರಡು ಬಡಾವಣೆಗಳು ಆಸ್ಪತ್ರೆ, ಪೊಲೀಸು, ಕಚೇರಿಗಳಿಂದ ಹಿಂದೆ ಏನೇನು ಕಂಡಿವೆ ಎಂಬುದರಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಹೀಗೆ ನೋಡಿದಾಗ ಸುಳ್ಳುಸುದ್ದಿಯ ವಿರುದ್ಧದ ಕೆಲಸದ ಹೆಚ್ಚಿನ ಪಾಲು ರೋಗ ಬರುವ ಮೊದಲೇ ನಡೆಯಬೇಕಾದದ್ದು ಎಂದಾಗುತ್ತದೆ. ರೋಗ ಬಂದ ಮೇಲೆ ಮಾಡಬೇಕಾದದ್ದೂ ಪ್ಲೇಗಿನ ದಾಖಲೆಗಳಲ್ಲಿ ಸ್ಪಷ್ಟವಾಗಿದೆ. ಏನನ್ನು ಮಾಡುವುದಿಲ್ಲ ಎಂಬುದನ್ನು ಸರ್ಕಾರ ಮೊದಲು ಹೇಳಬೇಕು, ಕಲ್ಕತ್ತೆಯಲ್ಲಿ ಹೇಳಿದಂತೆ. ಅನಾಹುತವಾದರೆ ವಿವರವನ್ನು ತಾನೇ ಮೊದಲು ಹೊರಗಿಡಬೇಕು, ಮುಲ್ಕೋವಾಲದಲ್ಲಿ ಇಡದೆ ಹೋದದ್ದನ್ನು. ನಾಳೆ ತಿದ್ದಿಕೊಳ್ಳಬೇಕಾಗಬಹುದಾದ ಮಾತನ್ನು ಇಂದು ವೇದವಾಕ್ಯದಂತೆ ಆಡಬಾರದು. ಇವನ್ನು ಅಧಿಕಾರಿಯ ಒಳ್ಳೆಯತನಕ್ಕೆ ಬಿಡುವ ಬದಲು ಕಾಯ್ದೆಯಲ್ಲೇ ಬರೆಯಬಹುದು. ನಿಯಮ ಹೊರಡಿಸುವವನು ಕಾರಣವನ್ನೂ ಹೊರಡಿಸಬೇಕು, ಲಸಿಕೆಯಿಂದ ತೊಂದರೆಯಾದರೆ ಇಂತಿಷ್ಟು ದಿನಗಳಲ್ಲಿ ವರದಿ ಜನರ ಮುಂದಿರಬೇಕು ಎಂದು. ಹಾಗೆ ಮಾಡಿದರೂ ಸುಳ್ಳು ಪೂರ್ತಿ ನಿಲ್ಲದು. ಆದರೆ ಜನರ ಬಾಯಿ ಮುಚ್ಚಿಸುವ ಅಧಿಕಾರವನ್ನು ಮಾತ್ರ ಕೊಟ್ಟು, ಅವರಿಗೆ ಉತ್ತರಿಸುವ ಹೊಣೆಯನ್ನು ಕೊಡದ ಕಾನೂನು ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ, ಮುಂದಿನ ಸಾಂಕ್ರಾಮಿಕದಲ್ಲಿ ಹಬ್ಬುವ ವದಂತಿಗೆ ಜನರ ಮೌಢ್ಯವೊಂದೇ ಕಾರಣ ಎನ್ನುವ ಹಕ್ಕು ಆಳುವವರಿಗೆ ಇರುವುದಿಲ್ಲ.